ಬೊಳ್ಳಮ್ಮನ ಬಾಚಿಹಲ್ಲು

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಮೆಟ್ಟಿಲ ಕೆಳಗಿನ ಈ ಕೋಣೆಯಲ್ಲಿ
ನಾನು ಹಲ್ಲು ಸುಡುತ್ತೇನೆ.
ಮನೆಯಲ್ಲಿ ರೊಟ್ಟಿ ಸುಟ್ಟ ಹಾಗೆ ಎಂದು
ಮೊಮ್ಮಗಳು ಶಾಲೆಯಲ್ಲಿ ಹೇಳಿ ಬಂದಿದ್ದಾಳೆ.

ಇವತ್ತು ಡಾಕ್ಟರು ಕಳಿಸಿದ ಪೊಟ್ಟಣದಲ್ಲಿ
ಪ್ಲಾಸ್ಟರಿನ ದವಡೆ,
ಜೊತೆಗೆ ಬಿಚ್ಚಿ ತೆಗೆದ ಹಳೆಯ ಹಲ್ಲೊಂದು.
ಭೂತಗನ್ನಡಿಯ ಕೆಳಗೆ ತಿರುಗಿಸಿದೆ.
ಒಳಬದಿಯಲ್ಲಿ, ಸೂಜಿಮೊನೆಯಲ್ಲಿ ಕೊರೆದ ಒಂದು 'ಆ'.
ನನ್ನದೇ ಅಕ್ಷರ.

ಆಗ ಅವಳಿಗೆ ಇಪ್ಪತ್ನಾಲ್ಕು.
ಒಕ್ಕಗಳ ಹಾಕಿ ಪಂದ್ಯ, ಪೆನಾಲ್ಟಿ ಕಾರ್ನರು,
ಯಾರದೋ ಕೋಲಿಗೆ ತಾಗಿ ಎಗರಿದ ಚೆಂಡು
ಎಡಗಡೆಯ ಬಾಚಿಹಲ್ಲನ್ನು ಬೇರುಸಮೇತ
ಹುಲ್ಲಿಗೆ ಬಿತ್ತಿತು.
ಸಂಜೆಯತನಕ ಹುಡುಕಿದರಂತೆ
ಚಿಕ್ಕಪ್ಪಂದಿರು, ಎದುರು ಒಕ್ಕದವರು,
ಕೊನೆಗೆ ಐಸ್‌ಕ್ಯಾಂಡಿ ಮಾರುವವನೂ.

ಮೂಳೆಗೆ ತಿರುಪು ಕೂರಿಸಿದರು.
ಮೂಳೆ ಅದನ್ನು ತನ್ನದೆಂದು ಹಿಡಿಯಲಿ ಎಂದು
ನಾಲ್ಕು ತಿಂಗಳು ಕಾದರು.
ಆಮೇಲೆ ಬಣ್ಣ ಹೊಂದಿಸಲು ಇಲ್ಲಿಗೆ ಬಂದಳು,
ಇದೇ ಕಿಟಕಿ, ಇದೇ ಸ್ಟೂಲು.
"ಎಷ್ಟು ದಿನ ಬಾಳುತ್ತೆ, ಆಲಿ ಕಾಕಾ?"
"ಜೀವಮಾನ" ಅಂದುಬಿಟ್ಟೆ.

ಸುಳ್ಳೇನಲ್ಲ. ಇಗೋ,
ಇಪ್ಪತ್ತೆರಡು ವರ್ಷದ ಮೇಲೂ ಬಿರುಕಿಲ್ಲ,
ಕಾಫಿಯ ಕಲೆ ಹತ್ತಿಲ್ಲ,
ಕಾಚಂಪುಳಿಯ ಕಪ್ಪು ಸೋಕಿಲ್ಲ.
ಆದರೂ ದವಡೆಯಲ್ಲಿಟ್ಟು ನೋಡಿದರೆ ಗಿಡ್ಡ.
ಅಳೆದೆ: ಒಂದೂಕಾಲು ಮಿಲಿಮೀಟರು.
ಅಕ್ಕಿಕಾಳಿನ ದಪ್ಪವೂ ಇಲ್ಲ.

"ಸವೆಯಿತಾ ಅದು?" ಎಂದು ಕೇಳುತ್ತಾಳೆ.
ಇಲ್ಲ ಬೊಳ್ಳಮ್ಮ. ಗೋಣಿಕೊಪ್ಪದ ದಾರಿಯ
ಆ ತಿರುವಿನ ಮೈಲಿಗಲ್ಲು ನೋಡಿದ್ದೀಯಲ್ಲ?
ಡಾಂಬರು ಬಿದ್ದಾಗಲೆಲ್ಲ ಒಂದಿಷ್ಟು ಮುಳುಗಿ
ಈಗ ಊರಿನ ಹೆಸರು ಮಾತ್ರ ಹೊರಗಿದೆ,
ಎಷ್ಟು ದೂರ ಎಂಬುದು ನೆಲದೊಳಗೆ.
ಕಲ್ಲು ಕುಸಿಯಿತು ಅನ್ನುತ್ತಾರೆ ಜನ.
ಕಲ್ಲು ಎಲ್ಲಿಗೂ ಹೋಗಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು:
ಸ್ವಂತ ಹಲ್ಲು ನೆಟ್ಟದ್ದಲ್ಲ, ತೂಗುಬಿಟ್ಟದ್ದು,
ಕಣ್ಣಿಗೆ ಕಾಣದ ನೂಲುಗಳಲ್ಲಿ.
ಮದುವೆಯಾಗಿ, ಮಕ್ಕಳಾಗಿ, ಕೂದಲು ನರೆತರೂ
ಅದು ಕೂದಲೆಳೆಯಷ್ಟು ಇಳಿಯುತ್ತಲೇ ಇರುತ್ತದೆ.
ತಿರುಪಿಗೆ ನೂಲಿಲ್ಲ.
ಹಿಡಿದ ಮೂಳೆಯನ್ನು ಹಿಡಿದೇ ಇರುತ್ತದೆ,
ಅಕ್ಕಪಕ್ಕದವು ಸದ್ದಿಲ್ಲದೆ ಮುಂದೆ ಹೋಗಿರುತ್ತವೆ.

ಚಂದಕ್ಕಾಗಿ ಬಂದವಳಲ್ಲ ಅವಳು.
ಈಗ ಅಂಪೈರು. ಕೊರಳ ದಾರದಿಂದ ವಿಸಲೆತ್ತಿ
ಕಚ್ಚಿ ತೋರಿಸಿದಳು: ನೋಡಿ, ಜಾರುತ್ತೆ,
ಇಲ್ಲೊಂದು ಸಂದು ಬೇರೆ, ಗಾಳಿ ಸೋರುತ್ತೆ,
ಹುಡುಗರು ನಗುತ್ತಾರೆ.
ಜಾರಿದ ವಿಸಲಿನ ಅರ್ಧ ಸಿಳ್ಳಿಗೇ
ಪಕ್ಕದ ಅಕ್ಕಸಾಲಿ ಬಾಗಿಲಿಗೆ ಬಂದು ಇಣುಕಿದ.

ಅವಳ ತುಟಿ ಎತ್ತಿ ನೋಡಿದೆ.
ವಸಡು ತೆಳುವಾಗಿ, ಅಂಚಿನಲ್ಲಿ ಒಂದು ಬೂದುಗೆರೆ,
ಮಳೆಗೆ ಮಣ್ಣು ಕೊಚ್ಚಿಹೋದ ಮೇಲೆ ಕಾಣುವ
ಬೇಲಿಕಂಬದ ಬುಡ.
ಅದು ನನ್ನ ಕೈಯಲ್ಲಿಲ್ಲ ಅಂದೆ.
"ಬಿಡಿ, ಅಷ್ಟು ಮೇಲೆತ್ತಿ ನಗುವ ಕಾಲ ಮುಗಿಯಿತು"
ಎಂದವಳು ಅಷ್ಟೇ ಮೇಲೆತ್ತಿ ನಕ್ಕಳು.

ಹಿಂದೆ ಹೊಂದಿಸಿದ್ದು ಹಾಲಿಗೆ ಹತ್ತಿರದ ಬಿಳಿ.
ಈ ಸಲ ಕನ್ನಡಕ ಹಾಕಿ, ಹೊರಗೆ ಬಿಸಿಲಿಗೆ ಬಂದು,
ಮಾದರಿಪಟ್ಟಿಯ ಹಿಂದಿನ ಸಾಲುಗಳಿಗೆ ಹೋದೆ:
ಬುಡದಲ್ಲಿ ಜೇನಿನ ಹಳದಿ,
ನಡುವೆ ಚಹಾಬಟ್ಟೆಯ ಕಂದು ಒಂದು ಚಿಟಿಕೆ.
ಪಕ್ಕದ ಹಲ್ಲಿನ ಉದ್ದಕ್ಕೂ ಸಣ್ಣ ಸೀಳುಗೆರೆಯಿತ್ತು.
ಕುಂಚದ ಒಂದೇ ಕೂದಲಿನಲ್ಲಿ
ಹೊಸದಕ್ಕೂ ಅದನ್ನು ಎಳೆದೆ.
ಹೊಸ ಹಲ್ಲಿಗೆ ವಯಸ್ಸು ತೊಡಿಸುವುದು
ಬಿಳುಪಿಸುವುದಕ್ಕಿಂತ ಕಷ್ಟ.

ಮುಂದಿನ ವರ್ಷಗಳಿಗೂ ಸೇರಿಸಿ
ಒಂಚೂರು ಉದ್ದ ಬಿಡಲೇ ಎಂದು ಫೋನು ಮಾಡಿದೆ.
"ಬೇಡ ಆಲಿ, ಕೆಳಗಿನದಕ್ಕೆ ಬಡಿಯುತ್ತೆ.
ಈಗಿನ ಅಳತೆಗೆ ಮಾಡು."

ಕುಲುಮೆ ಆರಿತು. ಹಲ್ಲು ಹೊರಬಂತು.
ಒಳಬದಿಯಲ್ಲಿ 'ಆ' ಕೊರೆದೆ. ಸ್ವಲ್ಪ ನಡುಗಿದೆ.
ಪಕ್ಕದಲ್ಲಿ ಇಸವಿಯನ್ನೂ ಬರೆದೆ.
ಆಗ ಬರೆದಿರಲಿಲ್ಲ.